ಎಂಟನೆಯ ಸುಣ್ಣ

ಆ ಊರಿನಲ್ಲಿ ಮಗು ಹುಟ್ಟಿದ ದಿನವೇ ಅದರ ಹೆಸರಿನಲ್ಲಿ ಒಂದು ಮಣ್ಣಿನ ಮಡಕೆ ತಂದು ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಗೂಡು ಎತ್ತರದಲ್ಲಿರುತ್ತಿತ್ತು, ದೊಡ್ಡವರು ಕೈ ಎತ್ತಿದರೆ ಮಾತ್ರ ಎಟುಕುವಷ್ಟು. ಮಕ್ಕಳ ಆಟದಲ್ಲಿ ಒಡೆದುಹೋಗಬಾರದೆಂದು ಹಿಂದಿನವರು ಯೋಚಿಸಿ ಮಾಡಿದ ಏರ್ಪಾಡು ಅದು. ಮಡಕೆಯೊಳಗೆ ಏನಿದೆ ಎಂದು ಯಾರೂ ಇಣುಕಿ ನೋಡುತ್ತಿರಲಿಲ್ಲ. ಮಡಕೆ ಇದ್ದ ಮಗು ನಿದ್ದೆಯಲ್ಲಿ ನಗುತ್ತಿತ್ತು, ಅಷ್ಟು ಗೊತ್ತಿತ್ತು.

ಆ ಊರಿಗೆ ಕಟ್ಟಳೆ ಒಂದೇ. ಏನಾದರೂ ಒಡೆದರೆ ಊರ ಹಿರಿಯ ಬಂದು ಕೇಳುತ್ತಿದ್ದ: "ಒಡೆದದ್ದು ಯಾರದ್ದು?" ಊರು ಹೇಳುತ್ತಿತ್ತು: "ಹತ್ತಿರ ನಿಂತವರದ್ದು." ಹತ್ತಿರ ನಿಂತವರು ಹೇಳಬೇಕಿತ್ತು: "ನನ್ನದು."

ಒಡೆದವರಿಗೆ ಸಾಮಾನ್ಯವಾಗಿ ಕಾಲು ಉದ್ದ. ಹಿರಿಯ ಬರುವಷ್ಟರಲ್ಲಿ ಅವರು ದೂರ ಹೋಗಿರುತ್ತಿದ್ದರು. ಕಾಲು ಗಿಡ್ಡವಿದ್ದವರು ಚೂರುಗಳ ನಡುವೆ ನಿಂತಿರುತ್ತಿದ್ದರು. ವಿಚಾರಣೆ ಬೇಗ ಮುಗಿಯುತ್ತಿತ್ತು, ಎಲ್ಲರೂ ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. ತಮ್ಮ ಊರಿನ ನ್ಯಾಯದ ಬಗ್ಗೆ ಊರಿನವರಿಗೆ ಬಹಳ ಹೆಮ್ಮೆ.

"ನನ್ನದು" ಎಂದವರು ಚೂರುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ನಡೆದರೆ ಅದು ಕಿಣಿಕಿಣಿ ಎನ್ನುತ್ತದೆ. ಕೇಳಿಸಿದರೂ ಕೇಳಿಸಲಿಲ್ಲ ಎಂಬಂತೆ ಇರುವುದು ಅಲ್ಲಿಯ ಮರ್ಯಾದೆ. ಹದಿನಾರು ತುಂಬಿದ ದಿನ ಊರ ಕಟ್ಟೆಯ ಮುಂದೆ ನಿಲ್ಲಿಸಿ ಇನ್ನೊಂದು ಸಲ ಕೇಳುತ್ತಾರೆ. ಆಗ "ನನ್ನದು" ಎಂದರೆ ಹೊಲಿಯುವವನು ಆ ಗಂಟನ್ನು ಬಟ್ಟೆಯ ಅಂಚಿಗೆ ಸೇರಿಸಿ ಹೊಲಿಯುತ್ತಾನೆ. ಆಮೇಲೆ ಸೀರೆ ಬದಲಾಗಬಹುದು, ಅಂಗಿ ಬದಲಾಗಬಹುದು, ಗಂಟು ಮಾತ್ರ ಪ್ರತಿ ಅಂಚಿನಲ್ಲೂ ತಾನೇ ಬಂದು ಕೂತಿರುತ್ತದೆ.

ಹಾಗಾದರೆ, ಅಷ್ಟು ಮೇಲಿರುವ ಮಡಕೆಗೆ ಅಷ್ಟು ಸಣ್ಣ ಮಗುವಿನ ಕೈ ಎಟುಕುವುದು ಹೇಗೆ ಎಂದು ಯಾರೂ ಕೇಳಲಿಲ್ಲವೇ? ಕೇಳಲಿಲ್ಲ. ಯಾಕೆಂದರೆ ಆ ಊರಿನಲ್ಲಿ ತಾನು ಚಿಕ್ಕವಳಿದ್ದೆ, ಚಿಕ್ಕವನಿದ್ದೆ ಎಂಬ ನೆನಪು ಯಾರಿಗೂ ಇರಲಿಲ್ಲ. ವರ್ಷಕ್ಕೊಂದು ಸಲ, ಬೇಸಗೆಯ ಮೊದಲ ವಾರದಲ್ಲಿ, ಎಲ್ಲ ಮನೆಗಳಿಗೂ ಸುಣ್ಣ ಬಳಿಯುತ್ತಿದ್ದರು. ಗೀಚಿದ್ದು, ಗುರುತು ಹಾಕಿದ್ದು, ಎಣ್ಣೆ ತಲೆ ಒರಗಿದ್ದು ಎಲ್ಲವೂ ಬಿಳಿಯ ಅಡಿಗೆ ಹೋಗುತ್ತಿತ್ತು. ಸುಣ್ಣ ಒಣಗುವಷ್ಟರಲ್ಲಿ ಎಲ್ಲರಿಗೂ ತಾವು ಹುಟ್ಟಿದಾಗಿನಿಂದ ಇಷ್ಟೇ ಎತ್ತರ ಇದ್ದೇವೆ ಅನ್ನಿಸುತ್ತಿತ್ತು.

ಸುಣ್ಣ ಬಳಿಯುವವಳು ಊರಿನ ಕೊನೆಯಲ್ಲಿದ್ದಳು. ಅವಳನ್ನು ಸುಣ್ಣದತ್ತೆ ಎನ್ನುತ್ತಿದ್ದರು.

*

ಒಂದು ಬೆಳಿಗ್ಗೆ ಒಬ್ಬ ತಾಯಿ ತನ್ನ ಹದಿನೈದು ವರ್ಷದ ಮಗಳನ್ನು ಸುಣ್ಣದತ್ತೆಯ ಮನೆಗೆ ಕರೆತಂದಳು. ಕೈಗೆ ಬಗ್ಗದ ಮಕ್ಕಳನ್ನು ಅಲ್ಲಿಗೆ ಕಳಿಸುವ ರೂಢಿಯಿತ್ತು. ಕೆಲಸವಾದರೂ ಕಲಿಯಲಿ ಎಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಸುಣ್ಣದತ್ತೆ ಆ ಮಾತನ್ನು ಒಪ್ಪಿಕೊಂಡಂತೆ ತಲೆಯಾಡಿಸುತ್ತಿದ್ದಳು.

"ಮಾತೇ ಆಡಲ್ಲ ಕಣ್ರೀ," ಎಂದಳು ತಾಯಿ. "ಆಡಿದರೆ ಕಚ್ಚೋ ಹಾಗೆ ಆಡ್ತಾಳೆ. ಮೊನ್ನೆ ಚಿಕ್ಕಮ್ಮ ತಲೆ ಬಾಚೋಕೆ ಹೋದ್ರೆ ಬಾಚಣಿಗೆ ಮುರಿದು ಹಾಕಿದ್ಲು. ಏಳು ವರ್ಷದ ತಂಗಿ ಒಬ್ಬಳಿದ್ದಾಳೆ, ಅವಳ ಗೂಡಿನ ಕೆಳಗೇ ಇವಳು ಹಾಸಿಕೊಂಡು ಮಲಗ್ತಾಳೆ, ಯಾರನ್ನೂ ಹತ್ತಿರ ಬಿಡಲ್ಲ. ಮೊದಲು ಹೀಗಿರಲಿಲ್ಲ."

"ಮೊದಲು ಅಂದ್ರೆ? ಎಷ್ಟಿದ್ದಾಗ?"

ತಾಯಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ತುಂಬ ಹೊತ್ತು ಯೋಚಿಸಿದಳು. "ಇಷ್ಟೇ ಇದ್ಲು," ಎಂದಳು ಕೊನೆಗೆ. "ಯಾವಾಗಲೂ ಇಷ್ಟೇ ಎತ್ತರ."

ಹುಡುಗಿಯ ಸೊಂಟದ ಗಂಟು ಸದ್ದು ಮಾಡಲಿಲ್ಲ. ಸದ್ದಾಗದ ಹಾಗೆ ಉಸಿರು ಹಿಡಿದು ನಡೆಯುವುದನ್ನು ಅವಳು ಎಂಟು ವರ್ಷದಿಂದ ಕಲಿತಿದ್ದಳು. ಇನ್ನು ಕೆಲವು ತಿಂಗಳಿಗೆ ಅವಳಿಗೆ ಹದಿನಾರು.

*

ಸುಣ್ಣದತ್ತೆಯ ಮನೆಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು.

ಬೀದಿಯಲ್ಲಿ ಹೋಗುವವರು ಪಾಪ, ಸುಣ್ಣದ ಧೂಳು ಎದೆಗೆ ಹತ್ತಿದೆ ಎಂದುಕೊಳ್ಳುತ್ತಿದ್ದರು. ಹಾಗಲ್ಲ. ಆ ಮನೆಯಲ್ಲಿ ಯಾರೂ ಯಾರ ಹಿಂದಿನಿಂದಲೂ ಸುಮ್ಮನೆ ಬರುವಂತಿರಲಿಲ್ಲ. ಬರುವುದಿದ್ದರೆ ನಾಲ್ಕು ಹೆಜ್ಜೆ ಆಚೆಯೇ ಕೆಮ್ಮಬೇಕು. ಎರಡನೆಯದು, ಮುಟ್ಟುವ ಮೊದಲು ಕೇಳಬೇಕು. ಮೂರನೆಯದು, ಬೇಡ ಎಂದರೆ ಬೇಡ, ಯಾಕೆ ಎಂದು ಕೇಳುವಂತಿಲ್ಲ.

"ಬಕೆಟ್ಟನ್ನೂ ಕೇಳಿಯೇ ಎತ್ತಬೇಕು," ಎಂದು ಹುಡುಗಿಗೆ ಹೇಳಿದ್ದು ಕೀಟಲೆಯವಳು. ಅವಳೂ ಹದಿನೈದರವಳು. ಸೊಂಟದಲ್ಲಿ ಅವಳಿಗೂ ಗಂಟಿತ್ತು. ಅದರ ಸದ್ದು ಕೇಳಿಸದಿರಲಿ ಎಂದೇ ಅವಳು ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. "ಬಕೆಟ್ಟಣ್ಣಾ, ಎತ್ತಲಾ ಅಂತ ಕೇಳು. ನಿನ್ನೆ ನನಗೆ ಬೇಡ ಅಂತು. ಸಂಜೆವರೆಗೂ ಆರಾಮಾಗಿ ಕೂತಿದ್ದೆ."

"ಸುಳ್ಳು," ಎಂದ ಅಲ್ಲೇ ಇದ್ದ ಹುಡುಗ. "ಒಂದು ಗಂಟೆ ಕೂತಿದ್ಲು. ಆಮೇಲೆ ಹದಿನಾಲ್ಕು ಬಕೆಟ್ ಎತ್ತಿದ್ಲು."

ಅವನು ಎಣಿಸುವವನು. ಕೋಣೆಗೆ ಬಂದ ಕೂಡಲೇ ಬಾಗಿಲು ಎಷ್ಟು, ಕಿಟಕಿ ಎಷ್ಟು, ತನ್ನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಟ್ಟುಕೊಳ್ಳುತ್ತಿದ್ದ. ಅವನ ಮಡಕೆ ಐದನೆಯ ವಯಸ್ಸಿನಲ್ಲಿ ಒಡೆದಿತ್ತು.

ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಆ ದಿನ ಕೂತಳು, ಮರುದಿನ ಕೂತಳು, ಆ ತಿಂಗಳೆಲ್ಲ ಕೂತಳು. ಸಂಜೆಯಾದರೆ ಮನೆಗೆ ಹೋಗಿ ತಂಗಿಯ ಗೂಡಿನ ಕೆಳಗೆ ಮಲಗುತ್ತಿದ್ದಳು. ಯಾರೂ ಏಳು ಎನ್ನಲಿಲ್ಲ. ಸುಣ್ಣದತ್ತೆ ದಿನಕ್ಕೊಂದು ಸಲ ಕೆಮ್ಮಿ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಬಾಗಿಲು ತೆಗೆದಿಡಲಾ, ಹಾಕಲಾ?"

ಹುಡುಗಿ ಉತ್ತರ ಕೊಡುತ್ತಿರಲಿಲ್ಲ. ಸುಣ್ಣದತ್ತೆ "ಆಯ್ತು, ನಾಳೆ ಕೇಳ್ತೀನಿ" ಎಂದು ಹೋಗುತ್ತಿದ್ದಳು. ಮರುದಿನ ಕೆಮ್ಮು, ಮರುದಿನ ಅದೇ ಪ್ರಶ್ನೆ. ಮೂವತ್ತನಾಲ್ಕನೆಯ ದಿನ (ಎಣಿಸಿದ್ದು ಎಣಿಸುವವನು) ಹುಡುಗಿ ಬಾಯಿ ಬಿಟ್ಟಳು.

"ಅರ್ಧ."

ಮನೆಯಲ್ಲಿ ಯಾರೂ ಕುಣಿಯಲಿಲ್ಲ. ಕೀಟಲೆಯವಳು ಬಾಯಿ ತೆರೆದದ್ದನ್ನು ಹಾಗೇ ಮುಚ್ಚಿಕೊಂಡಳು, ಅದು ಅವಳಿಂದ ಬಹಳ ದೊಡ್ಡ ತ್ಯಾಗ. ಸುಣ್ಣದತ್ತೆ ಬಾಗಿಲನ್ನು ಅರ್ಧಕ್ಕೆ ತಂದಳು, ಹಿಂದೆ ಸರಿದು ನೋಡಿದಳು, ಒಂದು ಬೆರಳಷ್ಟು ಜರುಗಿಸಿದಳು, ಮತ್ತೆ ನೋಡಿದಳು.

"ಅರ್ಧ ಆಯ್ತಾ?"

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಮಾಡಿದಳು. ಅಂದಿನಿಂದ ಆ ಬಾಗಿಲು ಅಲ್ಲಿಯೇ ನಿಂತಿತು. ಅಡ್ಡ ಬಂದ ಗಾಳಿಗೆ ಜರುಗದಿರಲಿ ಎಂದು ಸುಣ್ಣದತ್ತೆ ಕೆಳಗೊಂದು ಕಲ್ಲಿಟ್ಟಳು.

*

ಸುಣ್ಣದ ಕಲ್ಲು ಭಟ್ಟಿಯಲ್ಲಿ ಬೆಂದು ಬರುತ್ತದೆ. ನೋಡಲು ತಣ್ಣಗಿರುತ್ತದೆ, ಬಿಳಿಯಾಗಿರುತ್ತದೆ, ವರ್ಷಗಟ್ಟಲೆ ಮೂಲೆಯಲ್ಲಿ ಸುಮ್ಮನಿರಬಲ್ಲುದು. ನೀರು ಬಿದ್ದರೆ ಮಾತ್ರ ಬುಸುಗುಟ್ಟುತ್ತದೆ, ಬಿರಿಯುತ್ತದೆ, ಬಾನಿಯೆಲ್ಲ ಕೊತಕೊತ ಕುದಿಯುತ್ತದೆ.

ಹುಡುಗಿ ಮೊದಲ ಸಲ ಕಲ್ಲಿಗೆ ನೀರು ಹೊಯ್ದ ದಿನ ಬಾನಿ ಕುದಿಯುವುದನ್ನು ಕಂಡು ಚೊಂಬು ಎಸೆದು ಗೋಡೆಗೆ ಅಂಟಿಕೊಂಡಳು. "ನನ್ನದು," ಎಂದಳು. "ನನ್ನದು, ನನ್ನದು, ನಾನೇ ಮಾಡಿದ್ದು."

ಸುಣ್ಣದತ್ತೆ ದೂರದಿಂದಲೇ ಹೇಳಿದಳು, "ಏನು ಹೊಯ್ದೆ?"

"ನೀರು."

"ಬಿಸಿನೀರಾ?"

"ತಣ್ಣೀರು."

"ಮತ್ತೆ ಆ ಬಿಸಿ ಎಲ್ಲಿಂದ ಬಂತು?"

ಹುಡುಗಿ ಬಾನಿ ನೋಡಿದಳು.

"ಅದು ಭಟ್ಟಿಯ ಬಿಸಿ. ಇಷ್ಟು ದಿನ ಒಳಗೇ ಇಟ್ಕೊಂಡಿತ್ತು ಪಾಪ. ನೀನು ತಣ್ಣಗೆ ಮಾಡಿದೆ, ಅದಕ್ಕೆ ಹೊರಗೆ ಬಿಡ್ತಾ ಇದೆ. ಹತ್ತಿರ ಹೋಗಬೇಡ, ಓಡಿಯೂ ಹೋಗಬೇಡ. ಇಲ್ಲೇ ಕೂತು ನೋಡೋಣ. ಅವಲಕ್ಕಿ ತಿಂತೀಯಾ?"

ಇಬ್ಬರೂ ಅವಲಕ್ಕಿ ತಿನ್ನುತ್ತ ಬಾನಿ ತಣಿಯುವವರೆಗೆ ನೋಡಿದರು. ಕೊನೆಗೆ ಅದು ಬೆಣ್ಣೆಯ ಹಾಗೆ ಆಯಿತು.

ಹಾಗೆಂದು ಮರುದಿನದಿಂದ ಎಲ್ಲವೂ ಬೆಣ್ಣೆಯಾಯಿತು ಎಂದುಕೊಳ್ಳಬೇಡಿ. ಆಮೇಲೆಯೇ ನಿಜವಾದ ರಂಪ ಶುರುವಾದದ್ದು. ಸುಣ್ಣದತ್ತೆ ಅವಳಿಗಾಗಿ ಹೊಸ ಕುಂಚ ಕಟ್ಟಿಕೊಟ್ಟ ದಿನ ಹುಡುಗಿ ಆ ಕುಂಚವನ್ನು ಒಲೆಗೆ ಹಾಕಿದಳು. "ನೀವೂ ಎಲ್ಲರ ಹಾಗೇ" ಎಂದಳು. "ಕೊಟ್ಟು ಕೊಟ್ಟು ಆಮೇಲೆ ಕೇಳ್ತೀರಾ." ಸುಣ್ಣದತ್ತೆ ಒಲೆಯಲ್ಲಿ ಉರಿಯುವ ಕುಂಚ ನೋಡಿದಳು. "ಏನೂ ಕೇಳಲ್ಲ. ಆದರೆ ನಾರು ಚೆನ್ನಾಗಿತ್ತು ಕಣೇ, ಅದಕ್ಕೊಂದು ಬೇಜಾರು," ಎಂದಳು. ಮಾರನೆಯ ದಿನ ಇನ್ನೊಂದು ಕಟ್ಟಲು ಕೂತಳು. ಹುಡುಗಿ ಅರ್ಧ ಬಾಗಿಲಲ್ಲಿ ನಿಂತು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿದಳು.

ಅವಳ ಮೊದಲ ಕೆಮ್ಮು ಅದು. ಸುಣ್ಣದತ್ತೆ ತಲೆ ಎತ್ತದೆ, "ಬಾ, ನಾರು ಹಿಡ್ಕೋ," ಎಂದಳು.

*

ನಾರು ಹಿಡಿದುಕೊಂಡೇ ಹುಡುಗಿ ಹೇಳಿದಳು. ಎಲ್ಲವನ್ನೂ ಒಂದೇ ದಿನ ಹೇಳಲಿಲ್ಲ. ಒಂದು ದಿನ ಒಂದು ಚೂರು, ಇನ್ನೊಂದು ದಿನ ಇನ್ನೊಂದು ಚೂರು.

ಅವಳ ಮನೆಗೆ ಒಬ್ಬರು ಬರುತ್ತಿದ್ದರು. ಮನೆಗೆ ಬಹಳ ಬೇಕಾದವರು. ಊರಿನಲ್ಲೇ ಎತ್ತರದವರು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವವರು. ಸದ್ದಿಲ್ಲದೆ ಬರುವವರು. ಅವಳಿಗೆ ಏಳು ವರ್ಷವಾಗಿದ್ದಾಗ, ಸುಣ್ಣದ ವಾರ ಮುಗಿದು ಒಂದು ತಿಂಗಳಿಗೆ, ಅವರು ಬಂದ ದಿನ ಮಡಕೆ ಒಡೆಯಿತು. ಅವರು ನಾಲ್ಕು ಹೆಜ್ಜೆಯಲ್ಲಿ ಜಗುಲಿ ದಾಟಿದರು. ಹಿರಿಯ ಬಂದಾಗ ಅವರೂ ಗುಂಪಿನಲ್ಲಿ ನಿಂತು, ಕಾಫಿ ಕುಡಿಯುತ್ತ, "ಹತ್ತಿರ ನಿಂತವರದ್ದು" ಎಂದರು. ಹುಡುಗಿ "ನನ್ನದು" ಎಂದಳು. ಅವರು ಈಗಲೂ ಮನೆಗೆ ಬರುತ್ತಾರೆ. ತಂಗಿಯ ಗೂಡಿನಲ್ಲಿ ಮಡಕೆ ಇನ್ನೂ ಇದೆ.

ಇಷ್ಟು ಕೇಳಿದ ಸುಣ್ಣದತ್ತೆ ಕುಂಚ ಕೆಳಗಿಟ್ಟಳು. "ಇದನ್ನ ನಾನು ಸುಮ್ಮನೆ ಕೇಳಿ ಇಟ್ಕೊಳ್ಳೋ ಹಾಗಿಲ್ಲ, ಮಗಳೇ. ನಿನ್ನ ತಂಗಿ ನಾಳೆಯಿಂದ ದಿನಾ ನಿನ್ನ ಜೊತೆ ಇಲ್ಲಿಗೆ ಬರಲಿ. ನಿಮ್ಮ ಅಮ್ಮನ ಹತ್ತಿರ ನಾನು ಮಾತಾಡ್ತೀನಿ. ನಿನ್ನ ಮಾತು ನೀನು ಹೇಳಬೇಕು ಅನ್ನಿಸಿದಾಗ ಹೇಳು. ತಂಗಿಯ ವಿಷಯ ಮಾತ್ರ ಕಾಯೋ ಹಾಗಿಲ್ಲ. ಆಗಬಹುದಾ?"

"ಆಗಬಹುದು," ಎಂದಳು ಹುಡುಗಿ. ಆಗಬಹುದಾ ಎಂದು ಅವಳನ್ನು ಯಾರೂ ಹಿಂದೆ ಕೇಳಿರಲಿಲ್ಲ.

ತಾಯಿಗೆ ಸುಣ್ಣದತ್ತೆ ಏನು ಹೇಳಿದಳೋ. ತಾಯಿ ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಆದರೆ ಚಿಕ್ಕವಳನ್ನು ಮರುದಿನದಿಂದ ಕಳಿಸಿದಳು. ಆ ಎತ್ತರದವರು ಬಂದಾಗ ತಾನೇ ಜಗುಲಿಯಲ್ಲಿ ಕೂತಳು. ತಂಗಿ ಬಂದ ಮೂರೇ ದಿನಕ್ಕೆ ಆ ಮನೆಯ ಎಲ್ಲರಿಗಿಂತ ಜೋರಾಗಿ ಕೆಮ್ಮುವುದನ್ನು ಕಲಿತಳು.

ಉಳಿದವರು ಹುಡುಗಿಗೆ ಹೇಳಿನೋಡಿದರು. "ಅದು ನಿನ್ನದಲ್ಲ ಕಣೇ," ಎಂದಳು ಕೀಟಲೆಯವಳು. "ನಿನ್ನದಲ್ಲ," ಎಂದ ಎಣಿಸುವವನು. ಮಾತು ಅಂಟಲಿಲ್ಲ, ಧೂಳು ಗುಡಿಸದ ಗೋಡೆಗೆ ಬಳಿದ ಸುಣ್ಣದ ಹಾಗೆ ಉದುರಿತು.

"ನಿಮಗೆ ಗೊತ್ತಿಲ್ಲ," ಎಂದಳು ಹುಡುಗಿ. "ಅವರು ಕೊಬ್ಬರಿ ಮಿಠಾಯಿ ಕೊಟ್ಟರು. ನಾನು ತಿಂದೆ."

"ಮಿಠಾಯಿ ಕೊಟ್ಟರೆ ಮಕ್ಕಳು ತಿಂತಾರೆ," ಎಂದಳು ಸುಣ್ಣದತ್ತೆ. "ನಾನೂ ತಿಂತೀನಿ. ಮಿಠಾಯಿ ತಿಂದದ್ದಕ್ಕೆ ಮಡಕೆ ಒಡೆಯಲ್ಲ."

"ಕೂಗಲಿಲ್ಲ ನಾನು."

"ಹೂಂ."

"ತಡೀಬಹುದಿತ್ತು. ನೋಡಿ." ಹುಡುಗಿ ಎದ್ದು ಗೋಡೆಯ ಗೂಡಿಗೆ ಕೈ ಚಾಚಿದಳು. ತುದಿಗಾಲಲ್ಲಿ ನಿಂತರೆ ಬೆರಳು ಗೂಡಿನ ಅಂಚು ಮುಟ್ಟುತ್ತಿತ್ತು. "ಎಟುಕುತ್ತೆ. ನನ್ನ ಕೈ ಎಟುಕುತ್ತೆ. ಹಿಡ್ಕೋಬಹುದಿತ್ತು, ಹಿಡ್ಕೊಳ್ಳಲಿಲ್ಲ. ಅದಕ್ಕೇ ನನ್ನದು."

ಕೀಟಲೆಯವಳೂ ಎಣಿಸುವವನೂ ಆ ಕೈ ನೋಡಿದರು. ಎಟುಕುತ್ತಿತ್ತು, ನಿಜ. ಅವರ ಕೈಯೂ ಎಟುಕುತ್ತಿತ್ತು. ಇಬ್ಬರೂ ತಮ್ಮ ತಮ್ಮ ಗಂಟನ್ನು ಮುಟ್ಟಿ ನೋಡಿಕೊಂಡರು.

ಸುಣ್ಣದತ್ತೆ ವಾದ ಮಾಡಲಿಲ್ಲ. "ಬೇಸಗೆ ಬರಲಿ," ಎಂದಳು.

*

ಬೇಸಗೆ ಬಂತು, ಸುಣ್ಣದ ವಾರ ಬಂತು. ಹುಡುಗಿಯ ಮನೆಯ ಸರದಿ ಬಂದ ದಿನ ನಾಲ್ಕು ಜನ, ಆರು ಬಕೆಟ್ಟು, ಏಣಿ, ಕುಂಚಗಳೊಂದಿಗೆ ಅಲ್ಲಿಗೆ ಹೋದರು. ಹಿಂದೆ ತಂಗಿ ಕೆಮ್ಮುತ್ತ ಬಂದಳು.

ಹುಡುಗಿಯ ಗೂಡು ಎಂಟು ವರ್ಷದಿಂದ ಖಾಲಿ. ಅದರ ಕೆಳಗಿನ ಗೋಡೆಯ ಮುಂದೆ ನಿಂತು ಸುಣ್ಣದತ್ತೆ ಕರಣೆ ತೆಗೆದಳು. "ಈ ಸಲ ಬಳಿಯೋ ಮೊದಲು ಇಲ್ಲಿ ಹಳೇ ಸುಣ್ಣ ಕೆರೀಬೇಕು. ನೀನು ಕೆರೀತೀಯಾ? ಬೇಡ ಅಂದ್ರೆ ಬೇಡ."

"ಏನಿದೆ ಅದರ ಕೆಳಗೆ?"

"ನನಗೆ ಗೊತ್ತಿರೋದನ್ನ ಹೇಳಿಬಿಡಲಾ, ನೀನೇ ನೋಡ್ತೀಯಾ?"

ಹುಡುಗಿ ಕರಣೆ ತೆಗೆದುಕೊಂಡಳು. ಎದೆಯೆತ್ತರದಲ್ಲಿ ಕೆರೆಯಲು ಹೋದಳು. "ಅಲ್ಲಲ್ಲ," ಎಂದಳು ಸುಣ್ಣದತ್ತೆ. "ಕೆಳಗೆ." ಇನ್ನೂ ಕೆಳಗೆ. ಇನ್ನೂ ಕೆಳಗೆ. ಹುಡುಗಿ ಮೊಣಕಾಲೂರಿ ಕೂರಬೇಕಾಯಿತು.

ಮೊದಲ ಪದರ ಉದುರಿತು. "ಒಂದು," ಎಂದ ಎಣಿಸುವವನು. ಅದರ ಕೆಳಗೆ ಬಿಳಿ. ಎರಡು, ಬಿಳಿ. ಮೂರು, ಬಿಳಿ. ಅಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ. ನಾಲ್ಕು, ಐದು, ಆರು. ಮುಟ್ಟುವುದನ್ನೇ ಬಿಟ್ಟ ಮಗುವೊಂದು ಬೆಳೆದ ಮನೆಯ ಗೋಡೆ ಹಾಗೇ ಇರುತ್ತದೆ, ನುಣ್ಣಗೆ, ಶುಭ್ರವಾಗಿ, ನೋಡಿದವರೆಲ್ಲ ಮೆಚ್ಚುವಂತೆ. ಏಳು, ಬಿಳಿ.

"ಎಂಟು," ಎಂದ ಎಣಿಸುವವನು.

ಎಂಟನೆಯ ಸುಣ್ಣದಲ್ಲಿ ಒಂದು ಕೈ ಇತ್ತು.

ಹಸಿ ಸುಣ್ಣವನ್ನು ಮುಟ್ಟದೆ ಇರಲಾರದ ಯಾವುದೋ ಮಗು ಐದೂ ಬೆರಳು ಅಗಲಿಸಿ, ಪೂರ್ತಿ ಅಂಗೈ ಒತ್ತಿ, ಬಹುಶಃ ಬೈಸಿಕೊಂಡು ಓಡಿಹೋದ ಗುರುತು. ಹೆಬ್ಬೆರಳು ಅವರೆಕಾಯಿಯಷ್ಟು. ಹುಡುಗಿ ತನ್ನ ಕೈಯನ್ನು ಅದರ ಮೇಲಿಟ್ಟಳು. ಆ ಕೈ ಅವಳ ಅಂಗೈಯಡಿ ಪೂರ್ತಿ ಮುಚ್ಚಿಹೋಯಿತು. ಕೈ ತೆಗೆದಳು. ಮತ್ತೆ ಕಾಣಿಸಿತು.

"ಯಾರದ್ದು ಇದು?"

"ಆ ವರ್ಷ ಸುಣ್ಣ ಬಳಿದವಳು ನಾನೇ," ಎಂದಳು ಸುಣ್ಣದತ್ತೆ. "ಏಳು ವರ್ಷದ ಒಂದು ಕೂಸು ಬಂದು ಒತ್ತಿ ಓಡಿಹೋಯ್ತು. ನನಗೆ ನಗು ಬಂತು, ಹಾಗೇ ಬಿಟ್ಟೆ. ಮರುವರ್ಷ ಬಂದೆ. ಗೂಡು ಖಾಲಿ ಇತ್ತು. ನೋಡಿದೆ. ನೋಡಿಯೂ ಅದರ ಮೇಲೆ ಬಳಿದೆ. ಏಳು ಸಲ ಬಳಿದೆ, ಮಗಳೇ. ಆ ಬಳಿದದ್ದು ಮಾತ್ರ ನನ್ನದು."

ಹುಡುಗಿ ಅವಳ ಮುಖ ನೋಡಿದಳು. ದೊಡ್ಡವರೊಬ್ಬರು ತಮ್ಮದನ್ನು ತಮ್ಮದು ಎಂದದ್ದನ್ನು ಅವಳು ಆವರೆಗೆ ಕೇಳಿರಲಿಲ್ಲ.

ಮೊಣಕಾಲೂರಿ ಕೂತಲ್ಲಿಂದಲೇ ತಲೆ ಎತ್ತಿ ಗೂಡಿನತ್ತ ನೋಡಿದಳು. ಗೂಡು ಬಹಳ ಮೇಲಿತ್ತು. ಅಲ್ಲಿಂದಲೇ ಕೈ ಎತ್ತಿದಳು. ಎಟುಕಲಿಲ್ಲ. ಸೊಂಟದಿಂದ ಮೇಲಕ್ಕೆ ಪೂರ್ತಿ ಎಳೆದುಕೊಂಡು ಎತ್ತಿದಳು. ಬೆರಳಿಗೂ ಗೂಡಿಗೂ ನಡುವೆ ಇನ್ನೊಂದು ಮಗು ನಿಲ್ಲುವಷ್ಟು ಗೋಡೆ ಉಳಿದಿತ್ತು.

"ಇಷ್ಟೇ ಇದ್ದೆನಾ ನಾನು?"

"ಇಷ್ಟೇ ಇದ್ದೆ."

"ಇಷ್ಟೇನಾ?"

ಕೀಟಲೆಯವಳು ಮೂಗು ಒರೆಸಿಕೊಂಡಳು. "ಗೂಡು ಬಿಡು, ಆ ಕೈ ಚಕ್ಕುಲಿ ಡಬ್ಬಕ್ಕೂ ಎಟುಕಲ್ಲ," ಎಂದಳು.

ಹುಡುಗಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಯಾರೂ ಮುಟ್ಟಲಿಲ್ಲ. ಸುಣ್ಣದತ್ತೆ, "ಹತ್ತಿರ ಬರಲಾ?" ಎಂದಳು. ಹುಡುಗಿ ಹೂಂ ಎಂದು ತಲೆಯಾಡಿಸಿದ ಮೇಲೆ ಬಂದು, ಅವಳ ಪಕ್ಕದಲ್ಲಿ, ಅದೇ ಎತ್ತರದಲ್ಲಿ ಕೂತಳು.

ಆ ಗೋಡೆಗೆ ಅಂದು ಸುಣ್ಣ ಬಳಿಯಲಿಲ್ಲ.

*

ಹದಿನಾರು ತುಂಬಿದ ದಿನ ಊರೆಲ್ಲ ಕಟ್ಟೆಯ ಸುತ್ತ ಸೇರಿತು. ಹೊಲಿಯುವವನು ಸೂಜಿಗೆ ದಾರ ಪೋಣಿಸಿ ಕೂತಿದ್ದ. ಹುಡುಗಿಯ ಮನೆಗೆ ಬೇಕಾದ ಆ ಎತ್ತರದವರೂ ಬಂದಿದ್ದರು. ಎಲ್ಲರ ತಲೆಗಳ ಮೇಲೆ ಅವರ ತಲೆ ಕಾಣಿಸುತ್ತಿತ್ತು.

ಹುಡುಗಿಗೆ ಒಂದು ವಿಷಯ ಸ್ಪಷ್ಟವಿತ್ತು. ಇಂದು "ನನ್ನದು" ಎಂದರೆ ಮನೆಯ ಬಾಗಿಲು ಅವರಿಗೆ ಹಾಗೇ ತೆರೆದಿರುತ್ತದೆ. ತಂಗಿಯ ಮಡಕೆ ಅವರ ಕೈಗೆ ಎಟುಕುವಲ್ಲೇ ಇರುತ್ತದೆ.

ಹಿರಿಯ ಕೇಳಿದ: "ಒಡೆದದ್ದು ಯಾರದ್ದು?"

ಊರು ಹೇಳಿತು: "ಹತ್ತಿರ ನಿಂತವರದ್ದು."

ಎಲ್ಲರೂ ಅವಳತ್ತ ನೋಡಿದರು. ಎಂಟು ವರ್ಷದ ರೂಢಿಯ ಮಾತು ಹುಡುಗಿಯ ನಾಲಗೆಯ ತುದಿಗೆ ತಾನೇ ಬಂತು. ಆಗ ಗುಂಪಿನೊಳಗಿಂದ ಯಾರೋ ಕೆಮ್ಮಿದರು. ಇನ್ನೊಂದು ಕಡೆಯಿಂದ ಇನ್ನೊಂದು ಕೆಮ್ಮು. ಮತ್ತೊಂದು, ಪುಟ್ಟ ಗಂಟಲಿನದು, ಆದರೂ ಎಲ್ಲಕ್ಕಿಂತ ಜೋರಾದದ್ದು.

ಹುಡುಗಿ ಮೊಣಕಾಲೂರಿದಳು.

ತಪ್ಪೊಪ್ಪಿಕೊಳ್ಳುತ್ತಿದ್ದಾಳೆ ಎಂದುಕೊಂಡು ಊರು ಮೆಚ್ಚಿತು. ಅವಳು ಕೈ ಎತ್ತಿದಳು. "ನಾನು ಇಷ್ಟಿದ್ದೆ," ಎಂದಳು. "ನಮ್ಮ ಮನೆ ಗೋಡೆಯಲ್ಲಿದೆ, ಎಂಟನೆಯ ಸುಣ್ಣದಲ್ಲಿ. ಬೇಕಾದರೆ ಬಂದು ನೋಡಿ. ನನ್ನ ಕೈ ಇಲ್ಲಿಗೆ ಬರುತ್ತಿತ್ತು. ಗೂಡು ಎಲ್ಲಿದೆ ಅಂತ ನಿಮಗೆಲ್ಲ ಗೊತ್ತು." ಉಸಿರು ತೆಗೆದುಕೊಂಡಳು. "ಒಡೆದದ್ದು ನನ್ನದಲ್ಲ."

"ಹಾಗೆ ಹೇಳೋ ಪದ್ಧತಿ ಇಲ್ಲ," ಎಂದ ಹಿರಿಯ.

"ಈಗ ಶುರುವಾಯ್ತಲ್ಲ," ಎಂದಳು ಕೀಟಲೆಯವಳು.

"ಹಾಗಾದ್ರೆ ನಾನು ಎಲ್ಲಿ ಹೊಲೀಲಿ?" ಹೊಲಿಯುವವನು ಸೂಜಿ ಹಿಡಿದು ನಿಜವಾಗಿಯೂ ಗಾಬರಿಯಾಗಿದ್ದ.

ತಾಯಿ ಗುಂಪನ್ನು ಸರಿಸಿಕೊಂಡು ಬಂದಳು. ಮಗಳನ್ನು ಎಬ್ಬಿಸಲು ಬಂದಳೋ, ಬಾಯಿ ಮುಚ್ಚಿಸಲು ಬಂದಳೋ, ಅವಳಿಗೇ ಗೊತ್ತಿರಲಿಲ್ಲ. ಹತ್ತಿರ ಬಂದವಳು ಮೊಣಕಾಲೂರಿದ ಮಗಳನ್ನು ಮೇಲಿನಿಂದ ನೋಡಿದಳು. ನೋಡುತ್ತಲೇ ನಿಂತಳು. ಮಗಳ ನೆತ್ತಿ ಅವಳ ಸೊಂಟದ ಹತ್ತಿರ ಇತ್ತು. ಅವಳ ಕೈ ತಾನಾಗಿ ಆ ನೆತ್ತಿಯ ಮೇಲೆ ಹೋಗಿ, ಮುಟ್ಟುವ ಮೊದಲು ನಿಂತಿತು. ಆ ಎತ್ತರ ಆ ಕೈಗೆ ನೆನಪಿತ್ತು.

"ಅಯ್ಯೋ ನನ್ನ ಕೂಸೇ," ಎಂದಳು ತಾಯಿ. "ಇಷ್ಟೇ ಇದ್ದೆಯಲ್ಲೇ. ನನ್ನ ಸೆರಗು ಹಿಡ್ಕೊಂಡು ಇಷ್ಟೇ ಇದ್ದೆಯಲ್ಲೇ."

ಅವಳೂ ನೆಲಕ್ಕೆ ಕೂತಳು. ಮಗಳ ಪಕ್ಕದಲ್ಲಿ ಕೂತು, ಮಗಳು ನೋಡುತ್ತಿದ್ದ ಕಡೆ ನೋಡಿದಳು. ಕೆಳಗಿನಿಂದ ನೋಡಿದರೆ ಊರಿನವರ ಮೊಣಕಾಲುಗಳು ಕಾಣಿಸುತ್ತಿದ್ದವು, ಅವುಗಳ ನಡುವೆ ಎರಡು ಬಹಳ ಉದ್ದದ ಕಾಲುಗಳು. ತಾಯಿಯ ಕಣ್ಣು ಅವುಗಳ ಗುಂಟ ಮೇಲೆ ಹೋಯಿತು. ಊರಿನ ಕಣ್ಣೂ ಹೋಯಿತು. ಗೂಡಿಗೆ ಕೈ ಎಟುಕುವವರು ಯಾರು ಎಂದು ಊರು ಮೊದಲ ಸಲ ಲೆಕ್ಕ ಹಾಕುತ್ತಿತ್ತು.

ಆ ಬೇಕಾದವರು ಸ್ವಲ್ಪ ಬಗ್ಗಿದರು. ಮೊಣಕಾಲು ಮಡಿಸಿ, ಹೆಗಲು ಇಳಿಸಿ, ಎಲ್ಲರಷ್ಟೇ ಎತ್ತರ ಇರುವವರ ಹಾಗೆ ನಿಲ್ಲಲು ನೋಡಿದರು.

ಹುಡುಗಿ ಎದ್ದಳು. ಸೊಂಟದ ಗಂಟು ಬಿಚ್ಚಿದಳು. ಉಸಿರು ಹಿಡಿಯದೆ ನಡೆದಳು. ಕಿಣಿಕಿಣಿ ಎಂಬ ಸದ್ದು ಇಡೀ ಊರಿಗೆ ಕೇಳಿಸಿತು, ಈ ಸಲ ಎಲ್ಲರೂ ಕೇಳಿಸಿಕೊಂಡರು. ಗಂಟನ್ನು ಅವರ ಕಾಲ ಬಳಿ ಇಟ್ಟು ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿದ್ದವರು ಸರಿದರು. ಪಕ್ಕದವರು ಸರಿದರು. ಹಿರಿಯನೂ ಒಂದು ಹೆಜ್ಜೆ ಸರಿದ. ಹತ್ತಿರ ನಿಂತವರು ಈಗ ಒಬ್ಬರೇ ಇದ್ದರು.

ಅವರು "ನನ್ನದು" ಎನ್ನಲಿಲ್ಲ. ಅವರು ಹೇಳಲಿ ಎಂದು ಹುಡುಗಿ ಕಾಯಲೂ ಇಲ್ಲ.

"ಇವತ್ತಿಂದ ನಮ್ಮ ಮನೆ ಮೆಟ್ಟಿಲು ಹತ್ತಬೇಡಿ," ಎಂದಳು ತಾಯಿ, ನೆಲದಲ್ಲಿ ಕೂತಲ್ಲಿಂದಲೇ. ಹಾಗೆ ಹೇಳಲು ಎದ್ದು ನಿಲ್ಲಬೇಕಾಗಲಿಲ್ಲ.

ಎಣಿಸುವವನು ತನ್ನ ಮನೆಯ ಗೋಡೆಗೆ ಎಷ್ಟು ಪದರ ಇರಬಹುದು ಎಂದು ಬೆರಳು ಮಡಿಸುತ್ತಿದ್ದ. ಕೀಟಲೆಯವಳು ಬಹಳ ಹೊತ್ತಿನಿಂದ ಏನೂ ಮಾತಾಡಿರಲಿಲ್ಲ. ಅವಳ ಗಂಟಿನ ಸದ್ದು ಮೆಲ್ಲಗೆ ಕೇಳಿಸುತ್ತಿತ್ತು, ಅವಳು ಅದನ್ನು ಕೇಳಿಸಲು ಬಿಟ್ಟಿದ್ದಳು.

*

ಮರುದಿನ ಆ ಮನೆಯ ಗೋಡೆಗೆ ಸುಣ್ಣ ಬಳಿದವಳು ಹುಡುಗಿಯೇ. ಮೇಲಿನಿಂದ ಬಳಿದುಕೊಂಡು ಬಂದಳು. ಎಂಟನೆಯ ಸುಣ್ಣದ ಹತ್ತಿರ ಬಂದಾಗ ಕುಂಚ ನಿಲ್ಲಿಸಿ, ಸುತ್ತ ಒಂದು ಗೆರೆ ಬಿಟ್ಟು, ಆ ಜಾಗವನ್ನು ಹಾಗೇ ಉಳಿಸಿ, ಕೆಳಗೆ ಮುಂದುವರಿಸಿದಳು. ಅಂಚು ಸ್ವಲ್ಪ ಸೊಟ್ಟಗಾಯಿತು. ಸುಣ್ಣದತ್ತೆ ನೋಡಿದಳು, ತಿದ್ದಲಿಲ್ಲ.

ಹಿಂದಿನಿಂದ ಕೆಮ್ಮು ಕೇಳಿಸಿತು. ತಂಗಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು.

"ಅಕ್ಕಾ, ಅದನ್ನ ಮುಟ್ಟಲಾ?"

"ಮುಟ್ಟು."

ತಂಗಿ ಬಂದು ತನ್ನ ಕೈಯನ್ನು ಗೋಡೆಯ ಆ ಕೈಯೊಳಗೆ ಇಟ್ಟಳು. ಬೆರಳಿಗೆ ಬೆರಳು, ಅಂಗೈಗೆ ಅಂಗೈ ಸರಿಯಾಗಿ ಕೂತಿತು. ಅವಳ ಮುಖ ಅರಳಿತು.

"ಅಕ್ಕಾ! ಇದು ನನ್ನದು!"

ಹುಡುಗಿ ಕುಂಚವನ್ನು ಬಕೆಟ್ಟಿಗೆ ಒರಗಿಸಿಟ್ಟಳು. ತಂಗಿಯ ಪಕ್ಕ ಮೊಣಕಾಲೂರಿ, ಅವಳಷ್ಟೇ ಎತ್ತರವಾಗಿ, ಗೋಡೆಯ ಆ ಪುಟ್ಟ ಕೈಯನ್ನು ನೋಡಿದಳು. ತುಂಬ ದೂರದಿಂದ ಬಂದವರನ್ನು ಬಾಗಿಲಲ್ಲಿ ನೋಡುವ ಹಾಗೆ ನೋಡಿದಳು.

"ನಿನ್ನದಲ್ಲ ಕಣೇ, ಕಳ್ಳಿ," ಎಂದಳು. "ಅದು ನನ್ನದು."